ಎಣಿಸುವ ಕಿವಿ, ಆಲಿಸುವ ಕಿವಿ: ಪ್ರಯೋಗಶೀಲ ಏಕವ್ಯಕ್ತಿ ತಾಳವಾದನ ಮತ್ತು ಅದರ ಕೇಳುಗ

1. ಪ್ರವೇಶ

ಸಂಗೀತದ ಚರಿತ್ರೆಯಲ್ಲಿ ವಾಗ್ಗೇಯಕಾರರಿಗೆ, ಗಾಯಕರಿಗೆ, ವಾದಕರಿಗೆ, ಆಶ್ರಯದಾತರಿಗೆ ನಿಶ್ಚಿತವಾದ ಸ್ಥಾನವಿದೆ. ಕೇಳುಗನಿಗೆ ಅಂತಹ ಸ್ಥಾನ ದೊರೆತಿರುವುದು ಅಪರೂಪ. ಕೃತಿಗೆ ಲಿಪಿಯಿರುತ್ತದೆ, ವಾದಕನಿಗೆ ಹೆಸರಿರುತ್ತದೆ, ಕಛೇರಿಗೆ ದಿನಾಂಕವಿರುತ್ತದೆ. ಕೇಳಿದವನ ಒಳಗೆ ನಡೆದ ವ್ಯಾಪಾರಕ್ಕೆ ಸಾಮಾನ್ಯವಾಗಿ ದಾಖಲೆ ಉಳಿಯುವುದಿಲ್ಲ. ಉಳಿದರೂ ಅದು ಚಪ್ಪಾಳೆ, ಕೂಗಾಟ, ಪತ್ರಿಕಾ ವಿಮರ್ಶೆ ಮುಂತಾಗಿ ಹೊರಗಿನಿಂದ ಕಾಣುವಷ್ಟಕ್ಕೇ ಸೀಮಿತವಾಗಿರುತ್ತದೆ.

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದಲ್ಲಿ 'ಅವಾಂತ್-ಗಾರ್ಡ್' ಎಂದು ಹೆಸರಾದ ಮುಂಚೂಣಿಯ ಪ್ರಯೋಗಗಳ ವಿಷಯದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಜನರು ಮೊದಲು ಪ್ರತಿಭಟಿಸಿದರು, ಕ್ರಮೇಣ ಒಗ್ಗಿಕೊಂಡರು, ಕೊನೆಗೆ ಮೆಚ್ಚಿದರು ಎಂಬ ಸರಳ ಕಥನವೇ ಬಹುತೇಕ ಗ್ರಂಥಗಳಲ್ಲಿ ಪುನರಾವರ್ತನೆಯಾಗುತ್ತದೆ. ಆದರೆ ಈ ಪ್ರಯೋಗಗಳ ಒಂದು ಶಾಖೆಯಾದ ಏಕವ್ಯಕ್ತಿ ತಾಳವಾದನವನ್ನು ಪರಿಶೀಲಿಸಿದರೆ ಆ ಕಥನ ಸಾಲದೆಂಬುದು ಮನವರಿಕೆಯಾಗುತ್ತದೆ. ಇಲ್ಲಿ ಬದಲಾದದ್ದು ಕೇಳುಗನ ಅಭಿರುಚಿ ಮಾತ್ರವಲ್ಲ, ಅವನ ಕೆಲಸವೂ ಹೌದು. ಒಂದೊಂದು ಮುಖ್ಯ ಕೃತಿಯೂ ಕೇಳುಗನಿಂದ ಹಿಂದಿನ ಕೆಲಸವೊಂದನ್ನು ಕಿತ್ತುಕೊಂಡು ಹೊಸದೊಂದನ್ನು ವಹಿಸಿತು. ಆ ಹೊಸ ಕೆಲಸವನ್ನು ಕೇಳುಗನು ಒಪ್ಪಿಕೊಂಡನೇ, ಒಪ್ಪಿಕೊಂಡಂತೆ ತೋರಿ ತಪ್ಪಿಸಿಕೊಂಡನೇ ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ.

2. ಸದ್ದು ಸಭಾಂಗಣವನ್ನು ಹೊಕ್ಕ ಬಗೆ

ಭರತನ ಕಾಲದಿಂದ ನಮ್ಮಲ್ಲಿ ಅವನದ್ಧ ಮತ್ತು ಘನವಾದ್ಯಗಳಿಗೆ ಶಾಸ್ತ್ರದಲ್ಲಿ ಸ್ವತಂತ್ರ ಸ್ಥಾನವಿದೆ. ಯುರೋಪಿನ ಶಾಸ್ತ್ರೀಯ ವಾದ್ಯವೃಂದದಲ್ಲಿಯಾದರೋ ತಾಳವಾದ್ಯವು ಬಹುಕಾಲ ಹಿಂದಿನ ಸಾಲಿನ ಸೇವಕನಾಗಿತ್ತು. ಘೋಷಣೆ, ಗುಡುಗು, ಸೈನಿಕ ನಡೆ ಇವುಗಳನ್ನು ಸೂಚಿಸುವುದೇ ಅದರ ಪಾಲಿನ ಕರ್ತವ್ಯ. ಈ ಸ್ಥಿತಿ ಬದಲಾದದ್ದು ಎರಡು ಮಹಾಯುದ್ಧಗಳ ನಡುವಣ ಅವಧಿಯಲ್ಲಿ.

ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲಿ 'ಸದ್ದುಗಳ ಕಲೆ' ಎಂಬ ಪ್ರಣಾಳಿಕೆಯನ್ನು ಪ್ರಕಟಿಸಿ, ಯಂತ್ರಯುಗದ ಕಿವಿಗೆ ಹಳೆಯ ವಾದ್ಯಗಳ ನಾದ ಸಾಲದೆಂದು ಸಾರಿದರು. ಮರುವರ್ಷ ಮಿಲಾನ್ ನಗರದಲ್ಲಿ ಅವರ ಸದ್ದಿನ ಯಂತ್ರಗಳ ಪ್ರದರ್ಶನ ನಡೆದಾಗ ಸಭಿಕರಿಗೂ ಕಲಾವಿದರ ಬಳಗಕ್ಕೂ ಕೈಕೈ ಮಿಲಾಯಿಸುವವರೆಗೆ ಜಗಳವಾಯಿತು. ಕೇಳುಗನ ಪ್ರತಿಕ್ರಿಯೆ ಇಲ್ಲಿ ಅತ್ಯಂತ ಸ್ಥೂಲವಾದುದು. ಅವನು ಸದ್ದನ್ನು ಆಲಿಸಿ ತಿರಸ್ಕರಿಸಿದನೆನ್ನುವುದಕ್ಕಿಂತ, ಸದ್ದಿಗೆ ಆ ಜಾಗದಲ್ಲಿ ಪ್ರವೇಶವಿಲ್ಲವೆಂದು ತಡೆದನೆನ್ನುವುದು ಹೆಚ್ಚು ಸರಿ.

ಫ್ರೆಂಚ್ ಮೂಲದ ಎಡ್ಗಾರ್ ವರೇಸ್ ಅವರ 'ಅಯೊನಿಸೇಶನ್' 1931ರಲ್ಲಿ ಪೂರ್ಣಗೊಂಡು, 1933ರ ಮಾರ್ಚ್ 6ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಿಕೊಲಸ್ ಸ್ಲೊನಿಮ್ಸ್ಕಿ ಅವರ ನಿರ್ದೇಶನದಲ್ಲಿ ಮೊದಲ ಬಾರಿಗೆ ಪ್ರಯೋಗವಾಯಿತು. ಹದಿಮೂರು ವಾದಕರ ಈ ಕೃತಿಯಲ್ಲಿ ಚರ್ಮವಾದ್ಯಗಳ ಜೊತೆಗೆ ಸೈರನ್‌ಗಳೂ ಇದ್ದವು. ಅನಂತರ ಜಾನ್ ಕೇಜ್ 1938ರಲ್ಲಿ ಸಿಯಾಟಲ್ ನಗರದಲ್ಲಿ ತಾಳವಾದ್ಯ ವೃಂದವೊಂದನ್ನು ಕಟ್ಟಿದರು. 1943ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರು ನಡೆಸಿದ ಕಾರ್ಯಕ್ರಮದ ಚಿತ್ರಗಳು ಜನಪ್ರಿಯ 'ಲೈಫ್' ಪತ್ರಿಕೆಯಲ್ಲಿ ಅಚ್ಚಾದವು. ಮೋಟಾರು ವಾಹನದ ಬ್ರೇಕ್ ಡ್ರಮ್ಮಿನಂತಹ ಗುಜರಿ ಸಾಮಾನು ವಾದ್ಯವಾದದ್ದೇ ಅಂದಿನ ಸಮಾಚಾರ. ಪ್ರತಿಭಟನೆಯ ಜಾಗಕ್ಕೆ ಈಗ ಕುತೂಹಲ ಬಂದಿತ್ತು. ಆದರೆ ಆ ಕುತೂಹಲ ಕೇಳಿಸಿದ ಸದ್ದಿನ ಮೇಲಿತ್ತೋ, ಕಣ್ಣಿಗೆ ಕಂಡ ವಸ್ತುವಿನ ಮೇಲಿತ್ತೋ ಎಂಬ ಪ್ರಶ್ನೆ ಆಗ ಏಳಲಿಲ್ಲ. ಎರಡು ದಶಕಗಳ ಬಳಿಕ ಒಬ್ಬ ವಾದಕನೇ ಅದನ್ನು ಎತ್ತಬೇಕಾಯಿತು.

3. ಎಣಿಕೆ ಎಂಬ ಆಧಾರ

ವೃಂದದಿಂದ ಏಕವ್ಯಕ್ತಿ ವಾದನಕ್ಕೆ ಬರುವ ಮುನ್ನ, ತಾಳವಾದ್ಯವನ್ನು ಕೇಳುವವನಿಗೆ ಸಾಮಾನ್ಯವಾಗಿ ಯಾವ ಆಧಾರವಿರುತ್ತದೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಥ್ಯಾಡಿಯಸ್ ಬೋಲ್ಟನ್ 1894ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ, ಸಮಾನ ಅಂತರದ ಟಿಕ್ ಟಿಕ್ ಸದ್ದನ್ನು ಕೇಳಿದವರು ಅದನ್ನು ತಾವಾಗಿಯೇ ಎರಡೆರಡು, ಮೂರುಮೂರು, ನಾಲ್ಕುನಾಲ್ಕು ಪೆಟ್ಟುಗಳ ಗುಂಪಾಗಿ ಗ್ರಹಿಸಿದರು. ಸದ್ದಿನಲ್ಲಿ ಇಲ್ಲದ ಒತ್ತನ್ನು ಮನಸ್ಸು ತಾನೇ ಸೇರಿಸುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ಫ್ರಾನ್ಸಿನ ಪಾಲ್ ಫ್ರೆಸ್ ಅವರ ಅಧ್ಯಯನಗಳು ಇದರ ಎಲ್ಲೆಯನ್ನೂ ಗುರುತಿಸಿದವು. ಎರಡು ಪೆಟ್ಟುಗಳ ನಡುವಣ ಅಂತರ ಸುಮಾರು ಎರಡು ಸೆಕೆಂಡುಗಳನ್ನು ಮೀರಿದರೆ ಅವು ಒಂದಕ್ಕೊಂದು ಸೇರಿದ ನಡೆಯಾಗಿ ಕೇಳಿಸುವುದಿಲ್ಲ. ಬಿಡಿಬಿಡಿ ಘಟನೆಗಳಾಗಿ ಉಳಿಯುತ್ತವೆ.

ಕರ್ನಾಟಕ ಸಂಗೀತದ ತನಿ ಆವರ್ತನವು ಈ ಸಹಜ ಪ್ರವೃತ್ತಿಯನ್ನು ಶಾಸ್ತ್ರವನ್ನಾಗಿ ಬೆಳೆಸಿದ ಉದಾಹರಣೆ. ಮೃದಂಗ ವಾದಕನು ನಡೆಯನ್ನು ಎಷ್ಟೇ ಬದಲಿಸಲಿ, ಒತ್ತನ್ನು ಎಲ್ಲಿಯೇ ಇರಿಸಲಿ, ಸಭೆಯಲ್ಲಿ ಕುಳಿತ ರಸಿಕನ ಕೈ ತಾಳವನ್ನು ಹಾಕುತ್ತಲೇ ಇರುತ್ತದೆ. ಆ ಕೈಯಲ್ಲಿರುವ ಆವರ್ತವು ವಾದಕನಿಗೂ ಕೇಳುಗನಿಗೂ ಸಮಾನವಾದ ಒಡಂಬಡಿಕೆ. ಮೋಹರ, ಕೋರ್ವೆಗಳು ಮುಗಿದು ಎಡುಪಿನಲ್ಲಿ ಬಂದು ನಿಂತಾಗ ಕೇಳುಗನಿಗೆ ಆಗುವ ಸಂತೋಷದಲ್ಲಿ ಅವನ ಲೆಕ್ಕವೂ ಸರಿಯಾಯಿತೆಂಬ ಸಮಾಧಾನ ಬೆರೆತಿರುತ್ತದೆ. ಈ ಒಡಂಬಡಿಕೆಯಲ್ಲಿ ಪಾಲ್ಗೊಳ್ಳಲಾರದವರು ತನಿಯ ಹೊತ್ತಿನಲ್ಲಿ ಎದ್ದು ಹೊರಗೆ ಹೋಗುತ್ತಾರೆಂಬ ಆಕ್ಷೇಪ ನಮ್ಮ ಕಛೇರಿ ಲೋಕದಲ್ಲಿ ಹಳೆಯದು. ಎಣಿಕೆ ತಿಳಿದವನಿಗೆ ತಾಳವಾದನವು ಸಂವಾದ, ತಿಳಿಯದವನಿಗೆ ಬರಿಯ ಸದ್ದು ಎಂಬ ಭೇದ ಇದರಿಂದ ವ್ಯಕ್ತವಾಗುತ್ತದೆ.

1950ರ ದಶಕದ ಪ್ರಯೋಗಶೀಲ ರಚನಕಾರರು ಕೈಹಾಕಿದ್ದು ಈ ಒಡಂಬಡಿಕೆಗೇ. ಎಣಿಸುವ ಕೇಳುಗನನ್ನೂ ಎಣಿಸಲು ಬಾರದ ಕೇಳುಗನನ್ನೂ ಅವರು ಒಂದೇ ನೆಲದ ಮೇಲೆ ನಿಲ್ಲಿಸಿದರು. ಆ ನೆಲದಲ್ಲಿ ಎಣಿಸಲು ಏನೂ ಇರಲಿಲ್ಲ.

4. ಆವರ್ತವಿಲ್ಲದ ವೃತ್ತ

ಏಕವ್ಯಕ್ತಿ ತಾಳವಾದನಕ್ಕೆಂದು ಬರೆದ ಆರಂಭಕಾಲದ ಕೃತಿಗಳಲ್ಲಿ ಕೇಜ್ ಅವರ 1956ರ ರಚನೆ ಪ್ರಮುಖವಾದುದು. '27 ನಿಮಿಷ 10.554 ಸೆಕೆಂಡು' ಎಂಬ ಕಾಲಾವಧಿಯೇ ಅದರ ಶೀರ್ಷಿಕೆ. ಲೋಹ, ಮರ, ಚರ್ಮ ಮತ್ತು ಇವು ಮೂರಕ್ಕೂ ಸೇರದ ಇತರ ಎಲ್ಲ ಸಾಧನಗಳು ಎಂಬ ನಾಲ್ಕು ವರ್ಗಗಳನ್ನಷ್ಟೇ ಲಿಪಿ ಸೂಚಿಸುತ್ತದೆ. ವಾದ್ಯಗಳ ಆಯ್ಕೆ ವಾದಕನದು. ಲಯದ ಜಾಗವನ್ನು ಇಲ್ಲಿ ಗಡಿಯಾರ ಆಕ್ರಮಿಸಿದೆ.

ಮೂರು ವರ್ಷಗಳ ಅನಂತರ ಬಂದ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಅವರ 'ತ್ಸಿಕ್ಲುಸ್', ಅಂದರೆ 'ಚಕ್ರ', ಈ ಪ್ರಕಾರಕ್ಕೆ ಯುರೋಪಿನಲ್ಲಿ ಅಡಿಪಾಯ ಹಾಕಿತು. 1946ರಲ್ಲಿ ಆರಂಭವಾದ ಜರ್ಮನಿಯ ಡಾರ್ಮ್‌ಸ್ಟಾಟ್ ಬೇಸಿಗೆ ಶಿಬಿರವು ತಾಳವಾದಕರಿಗಾಗಿ ಏರ್ಪಡಿಸಿದ ಸ್ಪರ್ಧೆಯ ಪರೀಕ್ಷಾ ಕೃತಿಯಾಗಿ ಇದು ರಚಿತವಾಯಿತು. 1959ರ ಆಗಸ್ಟ್ 25ರಂದು ಕ್ರಿಸ್ಟೊಫ್ ಕಾಸ್ಕೆಲ್ ಇದನ್ನು ಮೊದಲು ನುಡಿಸಿದರು. ಮಾರಿಂಬಾ, ವೈಬ್ರಫೋನ್, ಮರದ ದಿಮ್ಮಿಯ ಡ್ರಮ್, ತ್ರಿಕೋನ, ಹಸುವಿನ ಕೊರಳ ಗಂಟೆ, ಸಿಂಬಲ್, ಜಾಗಟೆ ಮುಂತಾದವು ವಾದಕನ ಸುತ್ತ ವೃತ್ತಾಕಾರದಲ್ಲಿರುತ್ತವೆ. ಲಿಪಿಯ ಪುಟಗಳನ್ನು ಸುರುಳಿ ತಂತಿಯಿಂದ ಹೊಲಿಯಲಾಗಿದೆ. ವಾದಕನು ಯಾವ ಪುಟದಿಂದಲಾದರೂ ಆರಂಭಿಸಬಹುದು, ಪುಸ್ತಕವನ್ನು ತಲೆಕೆಳಗಾಗಿಸಿ ಹಿಮ್ಮುಖವಾಗಿಯೂ ಸಾಗಬಹುದು. ಆರಂಭದ ಬಿಂದುವನ್ನು ಮತ್ತೆ ತಲುಪಿದಾಗ ಕೃತಿ ಮುಗಿಯುತ್ತದೆ. ಪೂರ್ಣವಾಗಿ ನಿಶ್ಚಿತವಾದ ಭಾಗಗಳಿಂದ ವಾದಕನ ಇಚ್ಛೆಗೆ ಬಿಟ್ಟ ಭಾಗಗಳವರೆಗೆ ಹಲವು ಮಟ್ಟಗಳು ಈ ವೃತ್ತದಲ್ಲಿ ಒಂದರೊಳಗೊಂದು ಸೇರಿಕೊಂಡಿವೆ.

ಕೇಳುಗನ ದೃಷ್ಟಿಯಿಂದ ನೋಡಿದರೆ ಈ ವ್ಯವಸ್ಥೆಯಲ್ಲಿ ಒಂದು ವಿರೋಧಾಭಾಸವಿದೆ. ವೃತ್ತವೆಂಬುದು ಲಿಪಿಯನ್ನು ಬಲ್ಲವನಿಗೆ ಗೋಚರ. ಒಮ್ಮೆ ಮಾತ್ರ ಕೇಳುವವನಿಗೆ ಯಾವುದು ಬರೆದದ್ದು, ಯಾವುದು ಆ ಕ್ಷಣದಲ್ಲಿ ಆಯ್ದದ್ದು ಎಂಬುದು ತಿಳಿಯುವ ಬಗೆಯಿಲ್ಲ. ತನಿ ಆವರ್ತನದ ಆವರ್ತವು ಕೇಳುಗನ ಕೈಗೆ ಸಿಗುವಂಥದು, 'ತ್ಸಿಕ್ಲುಸ್'ನ ಆವರ್ತ ಕಾಗದದ ಮೇಲಿರುವಂಥದು. ಹೀಗಾಗಿ ಕೇಳುಗನು ಎಣಿಸುವುದನ್ನು ಬಿಟ್ಟು ನೋಡತೊಡಗಿದನು. ವಾದಕನು ವೃತ್ತದ ನಡುವೆ ನಿಂತು ಒಂದು ವಾದ್ಯದಿಂದ ಇನ್ನೊಂದಕ್ಕೆ ತಿರುಗುತ್ತ ಒಂದು ಸುತ್ತು ಮುಗಿಸುವ ದೃಶ್ಯವೇ ಕೃತಿಯ ರೂಪವನ್ನು ತಿಳಿಸುವ ಮುಖ್ಯ ಸಾಧನವಾಯಿತು. ಮುಂದೆ ಈ ಪ್ರಕಾರದ ಬಗ್ಗೆ ಬಂದ ಹೊಗಳಿಕೆಯಲ್ಲಿಯೂ ಟೀಕೆಯಲ್ಲಿಯೂ 'ನೋಡಲು ಸೊಗಸು' ಎಂಬ ಧಾಟಿ ಅಂಟಿಕೊಂಡೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಧ್ವನಿಮುದ್ರಿಕೆಯು ಈ ದೃಶ್ಯದ ಆಸರೆಯನ್ನೂ ಕಳಚಿತು. 1960ರ ದಶಕದಲ್ಲಿ ಕಾಸ್ಕೆಲ್ ಮತ್ತು ಅಮೆರಿಕದ ಮ್ಯಾಕ್ಸ್ ನ್ಯೂಹೌಸ್ ಅವರ ಎರಡು ವಾದನಗಳನ್ನು ಒಂದೇ ತಟ್ಟೆಯಲ್ಲಿ ಸೇರಿಸಿ ಪ್ರಕಟಿಸಲಾಯಿತು. ಒಂದೇ ಲಿಪಿಯಿಂದ ಹೊರಟ ಎರಡು ಬೇರೆ ಬೇರೆ ಕೃತಿಗಳನ್ನು ಕೇಳುಗನು ತನ್ನ ಮನೆಯಲ್ಲಿ ಕುಳಿತು ಹೋಲಿಸುವಂತಾಯಿತು. ಕಛೇರಿಯಲ್ಲಿ ಅಸಾಧ್ಯವಾಗಿದ್ದ ಕೆಲಸ ಇಲ್ಲಿ ಸಾಧ್ಯವಾಯಿತು: ಯಾವುದು ಸ್ಥಿರ, ಯಾವುದು ಚರ ಎಂಬ ವಿವೇಚನೆ.

5. ಬೆರಳ ತುದಿಯ ಸಂಗೀತ

ಮಾರ್ಟನ್ ಫೆಲ್ಡ್‌ಮನ್ ಅವರ 'ದಿ ಕಿಂಗ್ ಆಫ್ ಡೆನ್ಮಾರ್ಕ್' 1964ರಲ್ಲಿ ನ್ಯೂಹೌಸ್ ಅವರಿಗಾಗಿ ರಚಿತವಾಯಿತು. ತಾಳವಾದ್ಯವೆಂದರೆ ಕೋಲು ಮತ್ತು ಅಬ್ಬರ ಎಂಬ ನಿರೀಕ್ಷೆಯನ್ನು ಈ ಪುಟ್ಟ ಕೃತಿ ತಲೆಕೆಳಗು ಮಾಡಿತು. ವಾದಕನು ಕೋಲನ್ನಾಗಲಿ ಸುತ್ತಿಗೆಯನ್ನಾಗಲಿ ಬಳಸಬಾರದು; ಬೆರಳು, ಅಂಗೈ, ತೋಳುಗಳಿಂದ ಮಾತ್ರ ನುಡಿಸಬೇಕು. ಸದ್ದಿನ ಪ್ರಮಾಣ ಅತ್ಯಂತ ಕಡಿಮೆಯಾಗಿಯೂ ಆದಷ್ಟು ಸಮವಾಗಿಯೂ ಇರಬೇಕು. ಚೌಕಗಳ ಜಾಲದಂತಿರುವ ಲಿಪಿಯಲ್ಲಿ ಮೇಲು, ನಡು, ಕೆಳಗೆಂಬ ಸ್ಥಾನಗಳಿವೆ; ಬಹುಪಾಲು ವಾದ್ಯಗಳ ಹೆಸರಿಲ್ಲ.

ಶೀರ್ಷಿಕೆಯ ಹಿಂದೆ ಒಂದು ದಂತಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್ ನಾಜಿಗಳ ವಶವಾಗಿದ್ದಾಗ, ದೊರೆ ಹತ್ತನೆಯ ಕ್ರಿಶ್ಚಿಯನ್ ಯಹೂದಿಗಳ ಪರವಾಗಿ ಮೌನ ಪ್ರತಿಭಟನೆಯೆಂದು ತಾನೇ ಹಳದಿ ನಕ್ಷತ್ರವನ್ನು ಧರಿಸಿದನೆಂಬ ಕತೆ ಅದು. ಚರಿತ್ರೆಯ ದೃಷ್ಟಿಯಿಂದ ಇದು ನಿಜವಲ್ಲ. ಡೆನ್ಮಾರ್ಕಿನ ಯಹೂದಿಗಳಿಗೆ ಆ ನಕ್ಷತ್ರವನ್ನು ಕಡ್ಡಾಯ ಮಾಡಿರಲೇ ಇಲ್ಲ. ಆದರೂ 1943ರ ಅಕ್ಟೋಬರಿನಲ್ಲಿ ಅಲ್ಲಿನ ಜನರು ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಸಮುದ್ರಮಾರ್ಗವಾಗಿ ಸ್ವೀಡನ್ನಿಗೆ ದಾಟಿಸಿದ್ದು ಸತ್ಯ. ಯಹೂದಿ ಮನೆತನದ ಫೆಲ್ಡ್‌ಮನ್ ಅವರಿಗೆ ಮೌನದ ಈ ಪ್ರತಿಭಟನೆ ಅರ್ಥಪೂರ್ಣವಾಗಿ ಕಂಡದ್ದು ಸಹಜ.

ಇಷ್ಟು ಕ್ಷೀಣವಾದ ನಾದವನ್ನು ಕೇಳಬೇಕಾದಾಗ ಸಭೆಯ ಸ್ವರೂಪವೇ ಬದಲಾಗುತ್ತದೆ. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಬಟ್ಟೆಯ ಸರಸರ ಇವೆಲ್ಲವೂ ವಾದನಕ್ಕಿಂತ ದೊಡ್ಡವಾಗುತ್ತವೆ. 1952ರ ಆಗಸ್ಟ್ 29ರಂದು ವುಡ್‌ಸ್ಟಾಕ್‌ನಲ್ಲಿ ಡೇವಿಡ್ ಟ್ಯೂಡರ್ ಪಿಯಾನೋದ ಮುಂದೆ ನಿಶ್ಶಬ್ದವಾಗಿ ಕುಳಿತು ಕೇಜ್ ಅವರ '4 ನಿಮಿಷ 33 ಸೆಕೆಂಡು' ಎಂಬ ಕೃತಿಯನ್ನು ಪ್ರದರ್ಶಿಸಿದಾಗ ಸಭಿಕರು ಗೊಣಗಿದ್ದರು, ಕೆಲವರು ಎದ್ದು ಹೋಗಿದ್ದರು. ಅಲ್ಲಿ ವಾದಕನು ಏನನ್ನೂ ನುಡಿಸದಿದ್ದುದರಿಂದ ತಾನು ಮೋಸಹೋದೆನೆಂದು ಕೇಳುಗನು ಭಾವಿಸಲು ಅವಕಾಶವಿತ್ತು. ಫೆಲ್ಡ್‌ಮನ್ ಕೃತಿಯಲ್ಲಿ ಆ ಅವಕಾಶವಿಲ್ಲ. ವಾದಕನ ಕೈ ಆಡುತ್ತಿರುವುದು ಕಾಣುತ್ತದೆ. ಕೇಳಿಸದಿದ್ದರೆ ತಪ್ಪು ತನ್ನದಿರಬಹುದೆಂಬ ಶಂಕೆ ಕೇಳುಗನಲ್ಲಿ ಹುಟ್ಟುತ್ತದೆ. ತನ್ನ ಉಸಿರನ್ನು ಹಿಡಿಯುವುದು ಇಲ್ಲಿ ಅವನಿಗೆ ವಹಿಸಿದ ಕೆಲಸ. ಸಭೆಯಲ್ಲಿ ಕುಳಿತ ಪ್ರತಿಯೊಬ್ಬನೂ ಸುಮ್ಮನಿದ್ದರೆ ಮಾತ್ರ ಕೃತಿ ಉಳಿಯುತ್ತದೆ ಎಂಬ ಅರ್ಥದಲ್ಲಿ, ಅದರ ಅಸ್ತಿತ್ವ ಕೇಳುಗರ ಕೈಯಲ್ಲಿದೆ.

6. ವೇದಿಕೆಯಿಂದ ಇಳಿದ ವಾದಕ

ಈ ಎಲ್ಲ ಕೃತಿಗಳನ್ನೂ ಸಭೆಯ ಮುಂದಿರಿಸಿ, ಕೇಳುಗನನ್ನು ಹತ್ತಿರದಿಂದ ಕಂಡವರು ಮ್ಯಾಕ್ಸ್ ನ್ಯೂಹೌಸ್. 1939ರಲ್ಲಿ ಟೆಕ್ಸಾಸಿನಲ್ಲಿ ಜನಿಸಿದ ಅವರು ನ್ಯೂಯಾರ್ಕಿನ ಮ್ಯಾನ್‌ಹಟನ್ ಸಂಗೀತ ಶಾಲೆಯಲ್ಲಿ ಪಾಲ್ ಪ್ರೈಸ್ ಅವರ ಶಿಷ್ಯರಾಗಿದ್ದರು. 1950ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಾಳವಾದ್ಯ ವೃಂದವನ್ನು ಮಾನ್ಯತೆಯುಳ್ಳ ಪಠ್ಯವಿಷಯವನ್ನಾಗಿಸಿದ ಶಿಕ್ಷಕರು ಪ್ರೈಸ್. ನ್ಯೂಹೌಸ್ 1964ರಲ್ಲಿ ಕಾರ್ನೆಗಿ ಸಂಸ್ಥೆಯ ಸಭಾಂಗಣದಲ್ಲಿ ಏಕವ್ಯಕ್ತಿ ಕಛೇರಿ ನೀಡಿದರು. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಸಂಚರಿಸಿದರು. ವಾದ್ಯಗಳಿಗೆ ಸ್ಪರ್ಶ ಮೈಕುಗಳನ್ನು ಅಂಟಿಸಿ ಧ್ವನಿವರ್ಧಕಗಳ ಎದುರಿಗಿಟ್ಟು, ಅವುಗಳ ನಡುವೆ ಸುತ್ತುವ ಭಾರಿ ಸದ್ದಿನಿಂದ ಕೇಜ್ ಅವರ ಕೃತಿಯೊಂದನ್ನು ರೂಪಿಸಿದರು. 1968ರಲ್ಲಿ ಕೊಲಂಬಿಯಾ ಕಂಪನಿ ಅವರ ಐದು ಕೃತಿಗಳ ಧ್ವನಿಮುದ್ರಿಕೆಯನ್ನು ಹೊರತಂದಿತು. 'ತ್ಸಿಕ್ಲುಸ್' ಮತ್ತು 'ದಿ ಕಿಂಗ್ ಆಫ್ ಡೆನ್ಮಾರ್ಕ್' ಎರಡೂ ಅದರಲ್ಲಿದ್ದವು. ಅದೇ ವರ್ಷ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಅವರು ವಾದಕ ವೃತ್ತಿಯನ್ನು ತೊರೆದರು.

ಈ ನಿರ್ಧಾರದ ಹಿನ್ನೆಲೆಯನ್ನು ನ್ಯೂಹೌಸ್ ಅವರೇ ಬರೆದಿದ್ದಾರೆ. ರುಸ್ಸೊಲೊರಿಂದ ವರೇಸ್ ಮೂಲಕ ಕೇಜ್‌ವರೆಗೆ ದಿನಬಳಕೆಯ ಸದ್ದುಗಳನ್ನು ಸಭಾಂಗಣಕ್ಕೆ ತರುವ ಪರಂಪರೆಯಲ್ಲಿ ತಾನು ಭಾಗಿಯಾಗಿದ್ದೆನೆಂದೂ, ಆ ಸದ್ದುಗಳಿಗೆ ಕಲೆಯ ಗೌರವ ದೊರಕಿಸುವುದು ಅದರ ಉದ್ದೇಶವಾಗಿತ್ತೆಂದೂ ಅವರು ಹೇಳುತ್ತಾರೆ. ಆದರೆ ಕೇಳುಗರ ಮೇಲೆ ಅದರಿಂದ ಆದ ಪರಿಣಾಮ ಅವರಿಗೆ ಸಂಶಯ ತಂದಿತು. ಸಾಮಾನ್ಯ ಸದ್ದೊಂದು ಪವಿತ್ರವೆನಿಸಿದ ಜಾಗವನ್ನು ಹೊಕ್ಕಿತಲ್ಲ ಎಂಬ ಹಗರಣವೇ ಹೆಚ್ಚಿನ ಸಭಿಕರನ್ನು ಸೆಳೆಯಿತೇ ಹೊರತು ಆ ಸದ್ದಲ್ಲ. ಸಭಾಂಗಣದಲ್ಲಿ ಪಡೆದ ಅನುಭವವನ್ನು ತಮ್ಮ ದೈನಂದಿನ ಬದುಕಿನ ಸದ್ದುಗಳಿಗೆ ಅನ್ವಯಿಸಿಕೊಂಡವರು ಕೆಲವರು ಮಾತ್ರ. ಇದು ಅವರ ಅವಲೋಕನದ ಸಾರ.

ಈ ಸಾಕ್ಷ್ಯ ಬಹಳ ಮಹತ್ತ್ವದ್ದು. ವಿರೋಧಿಸುವ ಕೇಳುಗನಿಗಿಂತ ಒಪ್ಪಿಕೊಳ್ಳುವ ಕೇಳುಗನೇ ಇಲ್ಲಿ ಸಮಸ್ಯೆಯಾಗಿದ್ದಾನೆ. ಮಿಲಾನಿನಲ್ಲಿ ಜಗಳವಾಡಿದ ಸಭಿಕನು ಸದ್ದನ್ನು ಗಂಭೀರವಾಗಿಯೇ ಪರಿಗಣಿಸಿದ್ದನು. ಚಪ್ಪಾಳೆ ತಟ್ಟಿದ ಸಭಿಕನಾದರೋ ಅದನ್ನು ವಿಶೇಷ ಸಂಜೆಯೊಂದರ ವಿಚಿತ್ರವೆಂದು ಸ್ವೀಕರಿಸಿ, ಬಾಗಿಲಾಚೆಯ ಸದ್ದಿಗೆ ಎಂದಿನಂತೆ ಕಿವುಡಾಗಿಯೇ ಮನೆಗೆ ಮರಳಿದನು. ವಹಿಸಿದ ಕೆಲಸದಿಂದ ತಪ್ಪಿಸಿಕೊಳ್ಳುವ ಅತ್ಯಂತ ಸಭ್ಯವಾದ ಮಾರ್ಗ ಚಪ್ಪಾಳೆಯೇ ಆಗಿತ್ತು.

ನ್ಯೂಹೌಸ್ ಕಂಡುಕೊಂಡ ಪರಿಹಾರ ಸರಳವಾದುದು. 1966ರಲ್ಲಿ ಅವರು ಆಹ್ವಾನಿತರಾದ ಕೆಲವು ಗೆಳೆಯರನ್ನು ಮ್ಯಾನ್‌ಹಟನ್ನಿನ ಒಂದು ಬೀದಿ ಮೂಲೆಯಲ್ಲಿ ಸೇರಿಸಿ, ಪ್ರತಿಯೊಬ್ಬರ ಕೈಯ ಮೇಲೂ 'ಆಲಿಸು' ಎಂಬರ್ಥದ ಇಂಗ್ಲಿಷ್ ಪದದ ರಬ್ಬರ್ ಮುದ್ರೆಯನ್ನು ಒತ್ತಿ, ಹದಿನಾಲ್ಕನೆಯ ಬೀದಿಯಲ್ಲಿ ಪೂರ್ವ ನದಿಯತ್ತ ನಡೆಸಿಕೊಂಡು ಹೋದರು. ವಿದ್ಯುತ್ ಸ್ಥಾವರದ ಗುಡುಗು, ಹೆದ್ದಾರಿಯಲ್ಲಿ ಚಕ್ರಗಳು ಉಜ್ಜುವ ಸದ್ದು, ಪೋರ್ಟೊರಿಕೊ ಮೂಲದವರ ಬಡಾವಣೆಯ ಬೀದಿಬದುಕು ಇವುಗಳನ್ನು ದಾಟಿ ಆ ನಡಿಗೆ ಅವರ ಕಾರ್ಯಾಗಾರದಲ್ಲಿ ಕೊನೆಗೊಂಡಿತು. ಅಲ್ಲಿ ಅವರು ಕೆಲವು ತಾಳವಾದ್ಯ ಕೃತಿಗಳನ್ನು ನುಡಿಸಿದರು. ಈ ಅನುಕ್ರಮ ಗಮನಾರ್ಹ. ಸಭಾಂಗಣದಲ್ಲಿ ವಾದನವು ಕಿವಿಯನ್ನು ಬೀದಿಗೆ ಸಿದ್ಧಗೊಳಿಸಬೇಕಾಗಿತ್ತು, ಅದು ಆಗಲಿಲ್ಲ. ಇಲ್ಲಿ ಬೀದಿಯೇ ಕಿವಿಯನ್ನು ವಾದನಕ್ಕೆ ಸಿದ್ಧಗೊಳಿಸಿತು. ಮುಂದೆ ಇದೇ ರೀತಿ, ಕಛೇರಿಗೆ ಬಂದವರನ್ನು ಹೊರಗೆ ಸೇರಿಸಿ ಊರು ಸುತ್ತಿಸುವ ಪ್ರದರ್ಶನಗಳನ್ನೂ ಅವರು ನಡೆಸಿದರು.

7. ಮಿಡಿತ ಮರಳಿದಾಗ

ನ್ಯೂಹೌಸ್ ವೇದಿಕೆಯನ್ನು ತೊರೆದರೂ ಏಕವ್ಯಕ್ತಿ ತಾಳವಾದನ ನಿಲ್ಲಲಿಲ್ಲ. ಗ್ರೀಸ್ ಮೂಲದ ಯಾನಿಸ್ ಕ್ಸೆನಾಕಿಸ್ ಅವರ 'ಪ್ಸಾಫಾ' 1975ರಲ್ಲಿ ರಚಿತವಾಗಿ ಮರುವರ್ಷ ಲಂಡನ್ನಿನಲ್ಲಿ ಸಿಲ್ವಿಯೊ ಗ್ವಾಲ್ಡಾ ಅವರಿಂದ ಪ್ರಯೋಗಗೊಂಡಿತು. ಪ್ರಾಚೀನ ಗ್ರೀಕ್ ಕವಯಿತ್ರಿ ಸ್ಯಾಫೊ ಹೆಸರಿನ ಹಳೆಯ ರೂಪವೇ ಇದರ ಶೀರ್ಷಿಕೆ. ಗೆರೆಗಳ ಜಾಲದ ಮೇಲೆ ಚುಕ್ಕೆಗಳನ್ನಿಟ್ಟ ಈ ಲಿಪಿಯಲ್ಲಿ ವಾದ್ಯಗಳ ವರ್ಗಗಳಿವೆಯೇ ಹೊರತು ನಿಶ್ಚಿತ ವಾದ್ಯಗಳಿಲ್ಲ. ಆದರೆ ಹದಿನೈದು ವರ್ಷಗಳ ಹಿಂದೆ ಬಹಿಷ್ಕೃತವಾಗಿದ್ದ ಸಮಗತಿಯ ಮಿಡಿತ ಇಲ್ಲಿ ಮರಳಿ ಬಂದಿದೆ. 1987ರಿಂದ 1989ರ ಅವಧಿಯ 'ರೆಬೋನ್' ಕೃತಿಯಲ್ಲಿಯೂ ಅದು ಮುಂದುವರಿಯುತ್ತದೆ.

ಇಲ್ಲಿ ಭಾರತದ ಒಂದು ದೂರದ ಸಂಬಂಧವನ್ನು ಉಲ್ಲೇಖಿಸಬಹುದು. ಪ್ಯಾರಿಸಿನಲ್ಲಿ ಕ್ಸೆನಾಕಿಸ್ ಅವರಿಗೆ ಪಾಠ ಹೇಳಿದ ಒಲಿವಿಯೆ ಮೆಸಿಯಾನ್ ಅವರು ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಮುದ್ರಿತವಾಗಿದ್ದ 120 ದೇಶೀತಾಳಗಳ ಪಟ್ಟಿಯನ್ನು ಅಭ್ಯಸಿಸಿ ತಮ್ಮ ಲಯವಿಧಾನವನ್ನು ರೂಪಿಸಿಕೊಂಡರು. ಆ ಪಟ್ಟಿಯ ಮೂಲ, ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ 'ಸಂಗೀತರತ್ನಾಕರ'. ಆ ಗ್ರಂಥಕ್ಕೆ ಹದಿನೈದನೆಯ ಶತಮಾನದಲ್ಲಿ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥನು ವಿಜಯನಗರದವನು. ಆದರೆ ಮೆಸಿಯಾನ್ ಪಡೆದದ್ದು ಪಟ್ಟಿಯನ್ನು ಮಾತ್ರ. ತಾಳ ಹಾಕುವ ಕೇಳುಗನ ಕೈಯನ್ನಲ್ಲ. ಸಮಾನ ಆವರ್ತದ ಒಡಂಬಡಿಕೆಯಿಲ್ಲದೆ ಬರಿಯ ಮಾತ್ರೆಗಳ ವಿನ್ಯಾಸವಾಗಿ ಆ ತಾಳಗಳು ಯುರೋಪನ್ನು ತಲುಪಿದವು.

ತಾಳ ಹಾಕುವ ಕೈಯೊಡನೆಯೇ ನಮ್ಮ ಲಯ ಯುರೋಪನ್ನು ತಲುಪಿದ್ದು ಕಲಾವಿದರ ಮೂಲಕ. ಟಿ. ಎ. ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಈ ಕಾರ್ಯದಲ್ಲಿ ಸ್ಮರಣೀಯ. ಆರ್. ಎ. ರಮಾಮಣಿ ಅವರನ್ನೊಳಗೊಂಡ ಆ ತಂಡವು ಜಾಝ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಮಾಡಿತು.

'ಪ್ಸಾಫಾ'ವನ್ನು ಕೇಳುವವನು ಮತ್ತೆ ಎಣಿಸಲು ತೊಡಗುತ್ತಾನೆ. ಆದರೆ ಒತ್ತುಗಳು ಜಾರುತ್ತವೆ, ಪದರಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ, ನಡುನಡುವೆ ದೀರ್ಘವಾದ ಮೌನಗಳು ಬರುತ್ತವೆ. ಫ್ರೆಸ್ ಗುರುತಿಸಿದ ಎಲ್ಲೆಯನ್ನು ಈ ಮೌನಗಳು ದಾಟಿದಾಗ ಎಣಿಕೆ ಕಡಿದು ಹೋಗುತ್ತದೆ. ಆದರೆ ಅದುವರೆಗೆ ದೇಹದಲ್ಲಿ ನೆಲೆಸಿದ ಮಿಡಿತ ಹಾಗೆಯೇ ಉಳಿದು, ಮುಂದಿನ ಪೆಟ್ಟಿಗಾಗಿ ಕಾಯುತ್ತದೆ. ಲೆಕ್ಕ ಸರಿಹೋಯಿತೆಂಬ ಸಮಾಧಾನ ಇಲ್ಲಿ ದೊರೆಯುವುದಿಲ್ಲ, ಕಾಯುವ ಅನುಭವವೇ ದೊರೆಯುತ್ತದೆ. ಈ ಪ್ರಕಾರದ ಕೃತಿಗಳ ಪೈಕಿ ಕ್ಸೆನಾಕಿಸ್ ಅವರವು ವ್ಯಾಪಕವಾಗಿ ಪ್ರಯೋಗಗೊಳ್ಳುವುದಕ್ಕೆ ಈ ದೇಹಗ್ರಾಹ್ಯತೆಯೇ ಮುಖ್ಯ ಕಾರಣವೆಂದು ಭಾವಿಸಬಹುದು.

8. ದೇಹ ಮತ್ತು ಸ್ಪರ್ಶ

ಇದೇ ಕಾಲದಲ್ಲಿ ಆಫ್ರಿಕನ್-ಅಮೆರಿಕನ್ ಪರಂಪರೆಯ ಡ್ರಮ್ ವಾದಕರು ಲಿಪಿಯ ನೆರವಿಲ್ಲದೆ ಬೇರೊಂದು ದಾರಿಯಿಂದ ಏಕವ್ಯಕ್ತಿ ವಾದನವನ್ನು ತಲುಪಿದರು. ಮ್ಯಾಕ್ಸ್ ರೋಚ್ 1966ರ ಒಂದು ಧ್ವನಿಮುದ್ರಿಕೆಯಲ್ಲಿ ಮೂರು ಸ್ವತಂತ್ರ ಡ್ರಮ್ ರಚನೆಗಳನ್ನು ಸೇರಿಸಿದರು. ಆಂಡ್ರ್ಯೂ ಸಿರಿಲ್ 1969ರಲ್ಲಿ ಪೂರ್ಣ ಧ್ವನಿಮುದ್ರಿಕೆಯನ್ನೇ ಏಕವ್ಯಕ್ತಿ ವಾದನಕ್ಕೆ ಮೀಸಲಿಟ್ಟರು. ಮಿಲ್ಫರ್ಡ್ ಗ್ರೇವ್ಸ್ ಸಮಗತಿಯ ಕಾಲಮಾನವನ್ನು ತೊರೆದು, ಹೃದಯದ ಬಡಿತವೇ ಲಯದ ಮೂಲವೆಂದು ಪ್ರತಿಪಾದಿಸಿದರು. ಹೃದಯ ಗಡಿಯಾರದಂತೆ ಬಡಿಯುವುದಿಲ್ಲ, ಕ್ಷಣಕ್ಷಣಕ್ಕೂ ಅದರ ಅಂತರ ವ್ಯತ್ಯಾಸಗೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. 1973ರಿಂದ ಬೆನಿಂಗ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ಹೃದಯದ ಸದ್ದನ್ನು ಮುದ್ರಿಸಿ ವಿಶ್ಲೇಷಿಸುವ ಕಾರ್ಯದಲ್ಲಿ ದೀರ್ಘಕಾಲ ತೊಡಗಿದ್ದು, 2021ರಲ್ಲಿ ನಿಧನರಾದರು. ಅವರನ್ನು ಕುರಿತ 2018ರ ಸಾಕ್ಷ್ಯಚಿತ್ರದಲ್ಲಿ, ಜಪಾನಿನ ಆಟಿಸಂ ಇರುವ ಮಕ್ಕಳ ಮುಂದೆ ಅವರು ನುಡಿಸುವ ದೃಶ್ಯವಿದೆ. ಮಕ್ಕಳು ಎದ್ದು ಬಂದು ಚಲಿಸತೊಡಗುತ್ತಾರೆ. ಸಭಾಂಗಣದ ನಿಯಮಗಳನ್ನು ಅರಿಯದ ಈ ಕೇಳುಗರಿಗೆ ಹಗರಣದ ಕುತೂಹಲವೂ ಇಲ್ಲ, ಚಪ್ಪಾಳೆಯ ಸಭ್ಯತೆಯೂ ಬೇಕಿಲ್ಲ. ಸದ್ದು ಅವರನ್ನು ನೇರವಾಗಿ ತಲುಪುತ್ತದೆ.

ಕೇಳುವುದು ಕಿವಿಯ ಕೆಲಸ ಮಾತ್ರವೇ ಎಂಬ ಪ್ರಶ್ನೆಯನ್ನು ಸ್ಕಾಟ್‌ಲೆಂಡಿನ ಎವೆಲಿನ್ ಗ್ಲೆನಿ ಇನ್ನೂ ಮುಂದಕ್ಕೆ ಒಯ್ದರು. ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಬಹುಪಾಲು ಕಳೆದುಕೊಂಡ ಅವರು ಅನೇಕ ವೇಳೆ ಬರಿಗಾಲಿನಲ್ಲಿ ನಿಂತು, ನೆಲ ಮತ್ತು ದೇಹದ ಕಂಪನಗಳ ಮೂಲಕ ನಾದವನ್ನು ಗ್ರಹಿಸುತ್ತ ನುಡಿಸುತ್ತಾರೆ. 1993ರಲ್ಲಿ ಶ್ರವಣವನ್ನು ಕುರಿತು ಅವರು ಬರೆದ ಪ್ರಬಂಧದಲ್ಲಿ, ಕೇಳುವಿಕೆಯು ಸ್ಪರ್ಶದ ಒಂದು ವಿಶೇಷ ರೂಪವೆಂಬ ವಿಚಾರವಿದೆ. ಕಿವುಡರೊಬ್ಬರು ಹೇಗೆ ನುಡಿಸುತ್ತಾರೆಂಬ ವಿಸ್ಮಯವನ್ನಷ್ಟೇ ಹೊತ್ತು ಸಭಿಕರು ಮರಳಿದರೆ ಸಂಗೀತಗಾರ್ತಿಯಾಗಿ ತಾನು ಸೋತಂತೆ ಎಂಬ ಅಭಿಪ್ರಾಯವನ್ನೂ ಅವರು ಅಲ್ಲಿ ವ್ಯಕ್ತಪಡಿಸಿದ್ದಾರೆ. ನ್ಯೂಹೌಸ್ ಅವರ ದೂರೂ ಇದೂ ಬೇರೆಯಲ್ಲ. ಅಲ್ಲಿ ವಸ್ತುವಿನ ವಿಚಿತ್ರ ಸದ್ದನ್ನು ಮರೆಮಾಡಿತ್ತು. ಇಲ್ಲಿ ವ್ಯಕ್ತಿಯ ವಿಶೇಷ ಅದನ್ನು ಮರೆಮಾಡುವ ಅಪಾಯವಿದೆ. ಎರಡು ಸಂದರ್ಭಗಳಲ್ಲಿಯೂ ಕೇಳುಗನು ಮೆಚ್ಚುತ್ತಾನೆ, ಕೇಳುವುದಿಲ್ಲ.

9. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಪ್ರಯೋಗಶೀಲ ಏಕವ್ಯಕ್ತಿ ತಾಳವಾದನದ ಕೇಳುಗನು ವಿರೋಧದಿಂದ ಸ್ವೀಕಾರದ ಕಡೆಗೆ ನೇರವಾಗಿ ಸಾಗಲಿಲ್ಲ. ಎಣಿಸುವುದನ್ನು ಬಿಟ್ಟು ನೋಡುವುದು, ನೋಡುವುದನ್ನು ಬಿಟ್ಟು ಸುಮ್ಮನಿರುವುದು, ಕಾಯುವುದು, ಮೈಯಿಂದ ಗ್ರಹಿಸುವುದು ಎಂಬ ಬೇರೆ ಬೇರೆ ಕೆಲಸಗಳನ್ನು ಕೃತಿಗಳು ಅವನ ಮುಂದಿರಿಸಿದವು. ಸ್ವೀಕಾರವೆಂಬುದು ಎಷ್ಟೋ ವೇಳೆ ಈ ಕೆಲಸಗಳಿಂದ ವಿಮುಖನಾಗುವ ರೀತಿಯೂ ಆಗಿತ್ತು. ಆದ್ದರಿಂದ ಚಪ್ಪಾಳೆಯನ್ನೂ ಪ್ರದರ್ಶನಗಳ ಸಂಖ್ಯೆಯನ್ನೂ ಮಾತ್ರ ಅವಲಂಬಿಸಿ ಈ ಸಂಗೀತದ ಯಶಸ್ಸನ್ನು ನಿರ್ಧರಿಸುವುದು ಸಾಧುವಲ್ಲ.

ನಮ್ಮ ತನಿ ಆವರ್ತನದ ಅಧ್ಯಯನಕ್ಕೂ ಇದರಿಂದ ಒಂದು ಪ್ರಶ್ನೆ ಲಭಿಸುತ್ತದೆ. ಎದ್ದು ಹೋಗುವ ಕೇಳುಗನ ಬಗ್ಗೆ ಬಹಳ ಮಾತು ನಡೆದಿದೆ. ಕುಳಿತು, ವೇಗಕ್ಕೂ ಅಬ್ಬರಕ್ಕೂ ಮಾತ್ರ ಚಪ್ಪಾಳೆ ತಟ್ಟುವ ಕೇಳುಗನ ವಿಷಯವೂ ಅಷ್ಟೇ ವಿಚಾರಾರ್ಹವಾಗಿದೆ.

ನ್ಯೂಹೌಸ್ 1977ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ, ಪಾದಚಾರಿಗಳ ತಂಗುನೆಲದ ಕಬ್ಬಿಣದ ಜಾಲರಿಯ ಕೆಳಗೆ, ನಿರಂತರವಾಗಿ ಹೊಮ್ಮುವ ನಾದವೊಂದನ್ನು ಸ್ಥಾಪಿಸಿದರು. ದೊಡ್ಡ ಗಂಟೆಯೊಂದನ್ನು ಬಾರಿಸಿದ ಬಳಿಕ ಉಳಿಯುವ ಅನುರಣನವನ್ನು ಅದು ಹೋಲುತ್ತಿತ್ತು. ಅಲ್ಲಿ ಫಲಕವಿರಲಿಲ್ಲ, ಕಲಾವಿದನ ಹೆಸರೂ ಇರಲಿಲ್ಲ. 1992ರಲ್ಲಿ ನಿಂತುಹೋದ ಆ ಸ್ಥಾಪನೆ 2002ರಲ್ಲಿ ಪುನಃ ಆರಂಭವಾಯಿತು. ನ್ಯೂಹೌಸ್ 2009ರಲ್ಲಿ ತೀರಿಕೊಂಡರು. ಶಾರ್ಙ್ಗದೇವನು ಸ್ವರದ ಲಕ್ಷಣವನ್ನು ಹೇಳುವಾಗ ಅದನ್ನು ಅನುರಣನಾತ್ಮಕವೆಂದು ಕರೆದಿದ್ದಾನೆ. ಪೆಟ್ಟಿನಿಂದ ಬದುಕು ಆರಂಭಿಸಿದ ತಾಳವಾದಕನೊಬ್ಬನು ಕೊನೆಗೆ ಪೆಟ್ಟನ್ನೂ ವೇದಿಕೆಯನ್ನೂ ಚಪ್ಪಾಳೆಯನ್ನೂ ತೊರೆದು ಅನುರಣನವನ್ನು ಮಾತ್ರ ಉಳಿಸಿದನು. ಅದರ ಮೇಲೆ ನಡೆದುಹೋಗುವವರಲ್ಲಿ ಹೆಚ್ಚಿನವರು ಅದನ್ನು ಗಮನಿಸದೆ ಮುಂದೆ ಸಾಗುತ್ತಾರೆ. ಎಲ್ಲೋ ಒಬ್ಬನು ನಿಂತು ಕಿವಿಗೊಡುತ್ತಾನೆ. ಆ ಒಬ್ಬನಿಗೆ ಅದು ಹಗರಣವೂ ಅಲ್ಲ, ವಿಚಿತ್ರವೂ ಅಲ್ಲ, ನಾದ ಮಾತ್ರ.